ತಿಂಗಳು ತುಂಬದ ಕೂಸು ಮತ್ತು ಹೆತ್ತವರ ಹೊಣೆ

ಬದುಕಿನ ಕೆಲವು ತೀರ್ಮಾನಗಳಿಗೆ ನಮಗೆ ಬೇಕಾದಷ್ಟು ಸಮಯ ಸಿಗುತ್ತದೆ. ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಮನೆ ಕಟ್ಟುವ ವಿಚಾರ ಇವುಗಳ ಬಗ್ಗೆ ತಿಂಗಳುಗಟ್ಟಲೆ ಆಲೋಚಿಸಬಹುದು, ಹಿರಿಯರನ್ನು ಕೇಳಬಹುದು, ಇಸ್ತಿಖಾರ ನಮಾಝ್ ಮಾಡಬಹುದು. ಇನ್ನು ಕೆಲವು ತೀರ್ಮಾನಗಳು ಬಾಗಿಲು ಬಡಿಯದೆಯೇ ಒಳಗೆ ಬಂದುಬಿಡುತ್ತವೆ. ಆರನೇ ತಿಂಗಳಲ್ಲೇ ಹೆರಿಗೆಯಾಯಿತು. ಮಗು 700 ಗ್ರಾಂ ಇದೆ. ತಾಯಿಗೆ ಇನ್ನೂ ಸರಿಯಾಗಿ ಎಚ್ಚರವಾಗಿಲ್ಲ. ವೈದ್ಯರು ತಂದೆಯನ್ನು ಕರೆದು ಕೇಳುತ್ತಾರೆ: "ಉಸಿರಾಟದ ಯಂತ್ರಕ್ಕೆ ಹಾಕಬೇಕು. ಉಳಿಯುತ್ತದೆ ಎಂದು ಭರವಸೆ ಕೊಡಲಾರೆವು. ಉಳಿದರೂ ತೊಂದರೆ ಇರಬಹುದು. ಏನು ಮಾಡೋಣ?"

ಈ ಪ್ರಶ್ನೆ ಅಪರೂಪದ್ದೇನೂ ಅಲ್ಲ. ಜಗತ್ತಿನಲ್ಲಿ 2020ರಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ದೇಶದವರು. ಬೇರೆ ಯಾವ ದೇಶದಲ್ಲೂ ಇಷ್ಟು ಮಕ್ಕಳು ತಿಂಗಳು ತುಂಬದೆ ಹುಟ್ಟುವುದಿಲ್ಲ. ಇವರಲ್ಲಿ ಹೆಚ್ಚಿನವರು ಕೆಲವೇ ವಾರ ಮುಂಚಿತವಾಗಿ ಹುಟ್ಟಿದವರು, ಸ್ವಲ್ಪ ಆರೈಕೆಯಿಂದ ಉಳಿಯುವವರು. ನಾವಿಲ್ಲಿ ಮಾತನಾಡುತ್ತಿರುವುದು 28 ವಾರಕ್ಕಿಂತ ಮೊದಲೇ ಹುಟ್ಟಿದ, ಅಂಗೈಯಲ್ಲಿ ಹಿಡಿಯಬಹುದಾದ ಕೂಸುಗಳ ಬಗ್ಗೆ. ಅವರ ವಿಷಯದಲ್ಲಿ ಹೆತ್ತವರ ಹೊಣೆ ಏನು?

ಎರಡು ತಪ್ಪು ಉತ್ತರಗಳು

ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿ ಬರುತ್ತವೆ. "ಎಲ್ಲವೂ ಅಲ್ಲಾಹನ ವಿಧಿ. ಉಳಿಯುವುದಿದ್ದರೆ ಮನೆಯಲ್ಲೂ ಉಳಿಯುತ್ತದೆ. ಸುಮ್ಮನೆ ದುಡ್ಡು ಸುರಿಯುವುದೇಕೆ? ಬರೆದುಕೊಟ್ಟು ಕರೆದುಕೊಂಡು ಹೋಗೋಣ" ಎನ್ನುವುದು ಒಂದು. "ಕೊನೆಯ ಉಸಿರಿನ ತನಕ ಯಂತ್ರದಲ್ಲೇ ಇಡಬೇಕು. ತೆಗೆಯಲು ಒಪ್ಪಿದರೆ ಕೊಲೆಯ ಪಾಪ ತಗಲುತ್ತದೆ" ಎನ್ನುವುದು ಇನ್ನೊಂದು.

ಎರಡೂ ಉತ್ತರಗಳಿಗೆ ಭಕ್ತಿಯ ಉಡುಗೆ ಇದೆ. ಮೊದಲನೆಯದು ತವಕ್ಕುಲ್‌ನಂತೆ ಕಾಣುತ್ತದೆ, ಎರಡನೆಯದು ಜೀವದ ಮೇಲಿನ ಗೌರವದಂತೆ ಕಾಣುತ್ತದೆ. ಆದರೆ ಎರಡರಲ್ಲೂ ಒಂದು ಸಮಾನ ದೋಷವಿದೆ. ಮಗುವಿಗೆ ನಿಜವಾಗಿ ಏನಾಗಿದೆ, ಅದಕ್ಕೆ ಯಾವುದು ಒಳಿತು ಎಂದು ಎರಡೂ ಕೇಳುವುದಿಲ್ಲ. ಒಂದು ಉತ್ತರವು ಹೆತ್ತವರ ಜೇಬನ್ನು ಕಾಯುತ್ತದೆ, ಇನ್ನೊಂದು ಹೆತ್ತವರ ಮನಸ್ಸಾಕ್ಷಿಯನ್ನು ಕಾಯುತ್ತದೆ. ಮಗುವನ್ನು ಕಾಯುವವರು ಯಾರು?

ಈ ಮಗು ಯಾರು?

ಮೊದಲು ಈ ವಿಷಯ ಸ್ಪಷ್ಟವಾಗಬೇಕು. "ಇನ್ನೂ ಪೂರ್ತಿ ಮಗುವೇ ಆಗಿಲ್ಲ" ಎಂಬ ಮಾತನ್ನು ಕೆಲವರು ಸಮಾಧಾನಕ್ಕಾಗಿ ಹೇಳುತ್ತಾರೆ. ಇಸ್ಲಾಮಿನ ದೃಷ್ಟಿಯಲ್ಲಿ ಈ ಮಾತಿಗೆ ಆಧಾರವಿಲ್ಲ. ಗರ್ಭದಲ್ಲಿ 120 ದಿನಗಳಾಗುವಾಗ ಶಿಶುವಿಗೆ ಆತ್ಮ ಊದಲಾಗುತ್ತದೆಂದು ಪ್ರವಾದಿವರ್ಯರ(ಸ) ಹದೀಸ್‌ನ ಆಧಾರದಲ್ಲಿ ವಿದ್ವಾಂಸರು ಹೇಳಿದ್ದಾರೆ. ವೈದ್ಯರು ವಾರಗಳನ್ನು ಎಣಿಸುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಅವರ ಲೆಕ್ಕ ಸುಮಾರು ಎರಡು ವಾರ ಮುಂದಿರುತ್ತದೆ. ಹೀಗೆ ಹೊಂದಿಸಿ ನೋಡಿದರೆ 120 ದಿನವೆಂಬುದು ವೈದ್ಯರ ಲೆಕ್ಕದಲ್ಲಿ 19 ವಾರದ ಸುಮಾರಿಗೆ ಬರುತ್ತದೆ. ಇಂದು ಅತಿ ಮುಂದುವರಿದ ಆಸ್ಪತ್ರೆಗಳೂ ಉಳಿಸಲು ಯತ್ನಿಸುವುದು ಸುಮಾರು 22 ವಾರದಿಂದ ಮೇಲಿನ ಮಕ್ಕಳನ್ನು. ಆದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಪ್ರತಿಯೊಂದು ಕೂಸೂ ಆತ್ಮವುಳ್ಳ ಪೂರ್ಣ ಮನುಷ್ಯ.

ಕರ್ಮಶಾಸ್ತ್ರವೂ ಹಾಗೆಯೇ ನಡೆದುಕೊಳ್ಳುತ್ತದೆ. ಹುಟ್ಟಿ ಒಂದು ಸಲ ಅತ್ತು ತೀರಿಹೋದ ಮಗುವಿಗೂ ಹೆಸರಿದೆ, ಸ್ನಾನವಿದೆ, ಕಫನ್ ಇದೆ, ಜನಾಝ ನಮಾಝ್ ಇದೆ. ಅದು ತಂದೆಯ ಆಸ್ತಿಗೆ ವಾರಸುದಾರನಾಗುತ್ತದೆ, ಅದರ ಪಾಲಿಗೆ ಬಂದದ್ದಕ್ಕೆ ಇತರರು ವಾರಸುದಾರರಾಗುತ್ತಾರೆ. ಒಂದು ಗಳಿಗೆ ಬದುಕಿದವನನ್ನೂ ಎಪ್ಪತ್ತು ವರ್ಷ ಬದುಕಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಧರ್ಮದ ಅನುಯಾಯಿಗಳು ಗ್ರಾಂ ಲೆಕ್ಕದಲ್ಲಿ ಪ್ರಾಣದ ಬೆಲೆ ಕಟ್ಟುವಂತಿಲ್ಲ.

ಆರು ತಿಂಗಳ ಲೆಕ್ಕ

ಇಲ್ಲಿ ಇಸ್ಲಾಮೀ ಇತಿಹಾಸದ ಒಂದು ಪ್ರಸಂಗವನ್ನು ಸ್ಮರಿಸುವುದು ಸೂಕ್ತ. ಮದುವೆಯಾಗಿ ಆರೇ ತಿಂಗಳಲ್ಲಿ ಹೆತ್ತ ಒಬ್ಬ ಮಹಿಳೆಯ ಮೇಲೆ ಸಂಶಯ ಮೂಡಿತು. ಪ್ರಕರಣವು ಖಲೀಫರ ಮುಂದೆ ಬಂತು. ಕೆಲವು ವರದಿಗಳು ಅದು ಉಮರ್(ರ)ರ ಕಾಲದ್ದೆಂದೂ ಇನ್ನು ಕೆಲವು ಉಸ್ಮಾನ್(ರ)ರ ಕಾಲದ್ದೆಂದೂ ಹೇಳುತ್ತವೆ. ಆಗ ಅಲಿ(ರ) ಎರಡು ವಚನಗಳನ್ನು ಜೋಡಿಸಿ ತೋರಿಸಿದರು. ಇಬ್ನು ಅಬ್ಬಾಸ್(ರ) ಎಂಬ ವರದಿಯೂ ಇದೆ. ಗರ್ಭ ಮತ್ತು ಹಾಲೂಡಿಸುವಿಕೆಯ ಒಟ್ಟು ಅವಧಿ 30 ತಿಂಗಳೆಂದು ಕುರ್‌ಆನಿನ 46ನೇ ಅಧ್ಯಾಯ ಹೇಳುತ್ತದೆ. ಹಾಲೂಡಿಸುವ ಪೂರ್ಣ ಅವಧಿ ಎರಡು ವರ್ಷವೆಂದು 2ನೇ ಅಧ್ಯಾಯ ಹೇಳುತ್ತದೆ. ಮೂವತ್ತರಲ್ಲಿ ಇಪ್ಪತ್ತನಾಲ್ಕು ಕಳೆದರೆ ಆರು ಉಳಿಯಿತು. ಆರು ತಿಂಗಳ ಗರ್ಭವೂ ಸಾಧ್ಯವೆಂಬುದು ಸ್ಥಾಪಿತವಾಯಿತು. ಒಬ್ಬ ಹೆಣ್ಣುಮಗಳ ಮಾನವೂ ಪ್ರಾಣವೂ ಉಳಿಯುವ ದಾರಿ ತೆರೆಯಿತು.

ಈ ಲೆಕ್ಕವನ್ನು ಇಂದು ಚಿಕಿತ್ಸೆಯ ಗಡಿಯೆಂದು ತಿಳಿಯಬಾರದು. ಅದು ಮಗುವಿನ ವಂಶವನ್ನು ನಿರ್ಣಯಿಸಲು ಬಂದದ್ದು. ಆರು ಚಾಂದ್ರಮಾನ ತಿಂಗಳೆಂದರೆ 177 ದಿನ, ವೈದ್ಯರ ಲೆಕ್ಕದಲ್ಲಿ ಸುಮಾರು 27 ವಾರ. ಅದಕ್ಕಿಂತ ಮೊದಲು ಹುಟ್ಟಿದ ಮಕ್ಕಳೂ ಇಂದು ಬದುಕುತ್ತಿದ್ದಾರೆ. ಆದರೂ ಆ ಪ್ರಸಂಗದಲ್ಲಿ ನಮಗೊಂದು ಪಾಠವಿದೆ. ಗುಂಪಿನ ಸಂಶಯ ಮತ್ತು ಆತುರದ ಮುಂದೆ ಒಬ್ಬ ಜ್ಞಾನಿ ನಿಂತು ಲೆಕ್ಕ ಹಾಕಿದರು. ತಿಂಗಳು ತುಂಬದ ಮಗುವಿನ ವಿಷಯದಲ್ಲಿ ನಮ್ಮಲ್ಲಿ ಇಂದಿಗೂ ಲೆಕ್ಕಕ್ಕಿಂತ ಊಹೆಯೇ ಹೆಚ್ಚು. "ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ" ಎಂದು ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ವಾಸ್ತವದಲ್ಲಿ ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಮಗುವಿನ ಬಲವನ್ನು ಹೆಚ್ಚಿಸುತ್ತದೆ. ಎಂಟು ತಿಂಗಳ ಮಗುವಿಗೆ ಏಳರದ್ದಕ್ಕಿಂತ ನಿರೀಕ್ಷೆ ಹೆಚ್ಚು. ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕೆಂಬ ಕುರ್‌ಆನಿನ ಆದೇಶವು ಇಲ್ಲಿಯೂ ಅನ್ವಯಿಸುತ್ತದೆ. ಇಲ್ಲಿ ತಿಳಿದವರು ಯಾರೆಂದರೆ ಆ ಮಗುವನ್ನು ಪರೀಕ್ಷಿಸಿದ ನವಜಾತ ಶಿಶು ತಜ್ಞರು.

ನಿರೀಕ್ಷೆಯ ಗಡಿ ಎಲ್ಲಿದೆ?

1963ರ ಆಗಸ್ಟ್‌ನಲ್ಲಿ ಅಮೆರಿಕಾದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಒಂದು ಗಂಡು ಮಗು ಐದೂವರೆ ವಾರ ಮುಂಚಿತವಾಗಿ ಹುಟ್ಟಿತು. ತೂಕ ಎರಡು ಕಿಲೋಗಿಂತ ಹೆಚ್ಚೇ ಇತ್ತು. ಆದರೆ ಶ್ವಾಸಕೋಶ ಬಲಿತಿರಲಿಲ್ಲ. ಬೋಸ್ಟನ್ನಿನ ದೊಡ್ಡ ಆಸ್ಪತ್ರೆ, ದೇಶದ ಶ್ರೇಷ್ಠ ವೈದ್ಯರು, ಹೇಳಿದ್ದು ನಡೆಯುವ ಅಧಿಕಾರ ಎಲ್ಲವೂ ಇದ್ದರೂ ಮಗು 39 ಗಂಟೆಗಳಲ್ಲಿ ತೀರಿಹೋಯಿತು. ಇಂದು ಅಂತಹ ಮಗು ನಮ್ಮ ಜಿಲ್ಲಾ ಆಸ್ಪತ್ರೆಗೆ ಬಂದರೆ ಸಾಮಾನ್ಯವಾಗಿ ಉಳಿದು ಮನೆಗೆ ಹೋಗುತ್ತದೆ.

ನಡುವೆ ಆದದ್ದೇನು? ಬೇಗ ಹೆರಿಗೆಯಾಗುವ ತಾಯಿಗೆ ಮೊದಲೇ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ನ್ಯೂಝಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ತೋರಿಸಿದರು. ಆ ಚುಚ್ಚುಮದ್ದು ದುಬಾರಿಯದ್ದೂ ಅಲ್ಲ. ಶ್ವಾಸಕೋಶದ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಔಷಧಿಯನ್ನು ಜಪಾನಿನ ಫುಜಿವಾರ 1980ರಲ್ಲಿ ಯಶಸ್ವಿಯಾಗಿ ಬಳಸಿದರು. ಯಂತ್ರಗಳ ಕೊರತೆಯಿದ್ದ ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಯಲ್ಲಿ ವೈದ್ಯರು ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವ ಕಾಂಗರೂ ಆರೈಕೆಯನ್ನು ಆರಂಭಿಸಿದರು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಒಂದು ಕಿಲೋದಿಂದ 1.8 ಕಿಲೋ ತನಕದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಸಾವುಗಳು ಕಾಲು ಭಾಗದಷ್ಟು ಕಡಿಮೆಯಾದವು. ಪ್ರತಿಯೊಂದು ರೋಗಕ್ಕೂ ಔಷಧಿ ಇದೆಯೆಂದೂ ಅದನ್ನು ಹುಡುಕಬೇಕೆಂದೂ ಪ್ರವಾದಿ(ಸ) ಕಲಿಸಿದ್ದರ ಅರ್ಥವನ್ನು ಈ ಇತಿಹಾಸದಲ್ಲಿ ಕಾಣಬಹುದು.

ಹಾಗೆಂದು ಗಡಿಯೇ ಇಲ್ಲವೆಂದಲ್ಲ. ಗಡಿ ಇದೆ, ಆದರೆ ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜಪಾನಿನಲ್ಲಿ 22 ವಾರದ ಮಗುವಿಗೂ ಚಿಕಿತ್ಸೆ ಕೊಡುವ ರೂಢಿಯಿದೆ. ನೆದರ್ಲೆಂಡ್ಸ್‌ನಲ್ಲಿ 2010ರಿಂದ ಗಡಿ 24 ವಾರ. ನಮ್ಮಲ್ಲಂತೂ ಅದು ಹುಟ್ಟಿದ ಊರನ್ನು ಅವಲಂಬಿಸಿದೆ. ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಉಳಿಯಬಹುದಾದ ಮಗು ತಾಲೂಕು ಆಸ್ಪತ್ರೆಯಿಂದ ಹೊರಟು ದಾರಿಯಲ್ಲೇ ತಣ್ಣಗಾಗಬಹುದು.

ಉಳಿದವರ ಸ್ಥಿತಿಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 26 ವಾರಕ್ಕಿಂತ ಮೊದಲು ಹುಟ್ಟಿ ಬದುಕುಳಿದ ಮಕ್ಕಳನ್ನು ಎರಡೂವರೆ ವರ್ಷ ಪ್ರಾಯದಲ್ಲಿ ಪರೀಕ್ಷಿಸಿದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ನ್ಯೂನತೆ ಕಂಡುಬಂತು. ಸುಮಾರು ಕಾಲು ಭಾಗ ಮಕ್ಕಳಿಗೆ ಅದು ತೀವ್ರವಾಗಿತ್ತು. ಉಳಿದ ಅರ್ಧದಷ್ಟು ಮಕ್ಕಳಲ್ಲಿ ಅಂತಹ ನ್ಯೂನತೆ ಕಾಣಲಿಲ್ಲ. ಆ ಬಳಿಕ ಆರೈಕೆ ಸುಧಾರಿಸಿದೆ. ಆದರೂ ಎರಡೂ ಸಾಧ್ಯತೆಗಳನ್ನು ಹೆತ್ತವರು ಕೇಳಿ ತಿಳಿಯಬೇಕು.

ಇನ್ನೊಬ್ಬರ ಪರವಾಗಿ ಸಹನೆ?

ಅಪಸ್ಮಾರದಿಂದ ಬಳಲುತ್ತಿದ್ದ ಒಬ್ಬ ಮಹಿಳೆ ಪ್ರವಾದಿವರ್ಯರ(ಸ) ಬಳಿ ಬಂದು ಪ್ರಾರ್ಥನೆಗಾಗಿ ಕೇಳಿಕೊಂಡ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಸಹನೆ ವಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲು ಪ್ರಾರ್ಥಿಸುತ್ತೇನೆ ಎಂಬ ಆಯ್ಕೆಯನ್ನು ಅವರು ಆಕೆಯ ಮುಂದಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಚಿಕಿತ್ಸೆ ಎಲ್ಲ ಸಂದರ್ಭದಲ್ಲೂ ಕಡ್ಡಾಯವಲ್ಲವೆಂದು ಹೇಳುವ ವಿದ್ವಾಂಸರು ಈ ಘಟನೆಯನ್ನು ಆಧಾರವಾಗಿ ತೋರಿಸುತ್ತಾರೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿರಿ. ಆ ಮಹಿಳೆ ಆರಿಸಿದ್ದು ತನ್ನ ಸ್ವಂತ ದೇಹದ ನೋವನ್ನು. ತನ್ನ ನೋವಿನ ಮೇಲೆ ಸಹನೆ ತೋರುವುದು ಒಂದು ಸದ್ಗುಣ. ಇನ್ನೊಬ್ಬರ ನೋವಿನ ಮೇಲೆ, ಇನ್ನೊಬ್ಬರ ಪ್ರಾಣದ ಮೇಲೆ ನಾವು ಸಹನೆ ತೋರುತ್ತೇವೆಂದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು? ಮಗು ಹೆತ್ತವರ ಸೊತ್ತಲ್ಲ, ಅವರಿಗೆ ಒಪ್ಪಿಸಲಾದ ಅಮಾನತ್. ಅಮಾನತನ್ನು ಹೊಂದಿರುವವನು ಅದನ್ನು ದಾನ ಮಾಡುವಂತಿಲ್ಲ. ಉಳಿಯುವ ನಿರೀಕ್ಷೆ ಇರುವಾಗ "ನಾವು ಸಬ್ರ್ ಮಾಡುತ್ತೇವೆ" ಎಂದು ಮಗುವಿನ ಚಿಕಿತ್ಸೆಯನ್ನು ಬಿಡುವುದು ಸಬ್ರ್ ಆಗುವುದಿಲ್ಲ.

ಇದೇ ಮಾತು ಇನ್ನೊಂದು ದಿಕ್ಕಿನಲ್ಲೂ ಸತ್ಯ. ನಿರೀಕ್ಷೆ ಮುಗಿದ ಮೇಲೂ ಸೂಜಿ, ಕೊಳವೆ, ಯಂತ್ರಗಳ ನಡುವೆ ಆ ಕೂಸನ್ನು ಇಡಬೇಕೆಂದು ಹಟ ಹಿಡಿದರೆ ನೋವು ಅನುಭವಿಸುವುದು ಮಗು, ನೆಮ್ಮದಿ ಅನುಭವಿಸುವುದು ನಾವು. ನಮ್ಮ ಮನಸ್ಸಾಕ್ಷಿಯ ಸಮಾಧಾನಕ್ಕೆ ಮಗುವಿನ ನೋವನ್ನು ಬೆಲೆಯಾಗಿ ಕೊಡುವ ಹಕ್ಕೂ ನಮಗಿಲ್ಲ.

ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1992ರಲ್ಲಿ ಜಿದ್ದಾದಲ್ಲಿ ಸೇರಿದಾಗ ಕೈಗೊಂಡ ನಿರ್ಣಯವು ಈ ಎರಡೂ ಬದಿಗಳನ್ನು ಒಳಗೊಂಡಿದೆ. ಚಿಕಿತ್ಸೆ ಬಿಟ್ಟರೆ ಪ್ರಾಣ ಅಥವಾ ಅಂಗ ನಷ್ಟವಾಗುವುದಾದರೆ ಚಿಕಿತ್ಸೆ ಕಡ್ಡಾಯವೆಂದು ಅದು ಹೇಳಿತು. ಯಾವ ಸ್ಥಿತಿ ನಿರೀಕ್ಷೆಗೆ ಮೀರಿದ್ದೆಂಬುದನ್ನು ವೈದ್ಯರ ಅಭಿಪ್ರಾಯ, ಆಯಾ ಕಾಲ ಮತ್ತು ಸ್ಥಳದಲ್ಲಿ ಲಭ್ಯವಿರುವ ಸೌಲಭ್ಯ, ರೋಗಿಯ ಪರಿಸ್ಥಿತಿ ಇವುಗಳನ್ನು ನೋಡಿ ತಿಳಿಯಬೇಕೆಂದಿತು. ಮಗುವಿಗೆ ಸ್ಪಷ್ಟವಾಗಿ ಹಾನಿಯಾಗುವ ರೀತಿಯಲ್ಲಿ ವಲಿಯು ಒಪ್ಪಿಗೆ ನಿರಾಕರಿಸಿದರೆ ಆ ನಿರಾಕರಣೆಗೆ ಬೆಲೆಯಿಲ್ಲವೆಂದೂ ಹಕ್ಕು ಇತರ ವಲಿಗಳಿಗೆ, ಬಳಿಕ ಆಡಳಿತಗಾರನಿಗೆ ಹೋಗುತ್ತದೆಂದೂ ಸ್ಪಷ್ಟಪಡಿಸಿತು. ತಂದೆಯ ಸಹಿಗೂ ಒಂದು ಮಿತಿ ಇದೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ತಿಳಿದಿದ್ದೇವೆ?

ಮೂರು ಸ್ಥಿತಿಗಳು

ಇಷ್ಟನ್ನು ಮುಂದಿಟ್ಟುಕೊಂಡು ನೋಡಿದರೆ ತಿಂಗಳು ತುಂಬದ ಮಕ್ಕಳ ಸ್ಥಿತಿಯನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು, ತಜ್ಞರ ಅಭಿಪ್ರಾಯದಲ್ಲಿ ಉಳಿಯುವ ಸಾಧ್ಯತೆ ಚೆನ್ನಾಗಿರುವ ಮಗು. ಇಲ್ಲಿ ಹೆತ್ತವರಿಗೆ ಆಯ್ಕೆಯಿಲ್ಲ. ಚಿಕಿತ್ಸೆ ಮಗುವಿನ ಹಕ್ಕು.

ಎರಡನೆಯದು, ಏನು ಮಾಡಿದರೂ ಸಾವನ್ನು ಕೆಲವು ಗಂಟೆ ಅಥವಾ ದಿನ ಮುಂದೂಡಬಹುದೇ ಹೊರತು ತಪ್ಪಿಸಲಾಗದ ಮಗು. ಇಲ್ಲಿ ಯಂತ್ರಕ್ಕೆ ಹಾಕದಿರುವುದು ಕರುಣೆ. ಆದರೆ ಯಂತ್ರ ಬೇಡವೆಂದರೆ ಆರೈಕೆ ಬೇಡವೆಂದಲ್ಲ. ಬೆಚ್ಚಗೆ ಇಡುವುದು, ನೋವು ತಗ್ಗಿಸುವುದು, ತಾಯಿಯ ಎದೆಗೆ ಕೊಡುವುದು ಕೊನೆಯ ಗಳಿಗೆಯ ತನಕ ಬಾಕಿ ಇರುವ ಹಕ್ಕುಗಳು.

ಮೂರನೆಯದು ಇವೆರಡರ ನಡುವೆ ಇರುವ ಮಗು. ಉಳಿಯಬಹುದು, ಉಳಿಯದೆಯೂ ಹೋಗಬಹುದು. ವೈದ್ಯರಲ್ಲೇ ಭಿನ್ನಾಭಿಪ್ರಾಯವಿರಬಹುದು. ನಿಜವಾದ ಕಷ್ಟ ಇರುವುದು ಇಲ್ಲಿ. ಇಂತಹ ಸಂದರ್ಭದಲ್ಲಿ ಹೆತ್ತವರು ಮಗುವಿನ ಒಳಿತನ್ನೇ ಮುಂದಿಟ್ಟುಕೊಂಡು ತಜ್ಞರೊಂದಿಗೆ ಸಮಾಲೋಚಿಸಿ ಯಾವ ದಾರಿ ಹಿಡಿದರೂ ಅವರನ್ನು ದೂಷಿಸುವ ಅಧಿಕಾರ ನೆಂಟರಿಗೂ ಇಲ್ಲ, ನೆರೆಹೊರೆಯವರಿಗೂ ಇಲ್ಲ. ಸಾಮಾನ್ಯವಾಗಿ ಇಲ್ಲಿ ವಿವೇಕದ ಹಾದಿಯೆಂದರೆ ಚಿಕಿತ್ಸೆ ಆರಂಭಿಸಿ ಎರಡು ಮೂರು ದಿನ ನೋಡಿ ಮತ್ತೆ ವಿಚಾರ ಮಾಡುವುದು. ಆರಂಭಿಸಿದ ಮಾತ್ರಕ್ಕೆ ಎಂದೂ ನಿಲ್ಲಿಸಲಾಗದ ಹರಕೆ ಹೊತ್ತಂತೆ ಆಗುವುದಿಲ್ಲ.

ಬ್ರಿಟನ್ನಿನ ನವಜಾತ ಶಿಶು ತಜ್ಞರ ಸಂಘವು 2019ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಇದೇ ರೀತಿ ಮೂರು ವರ್ಗ ಮಾಡುತ್ತದೆ. ಬರೇ ವಾರಗಳನ್ನು ನೋಡದೆ ತೂಕ, ತಾಯಿಗೆ ಚುಚ್ಚುಮದ್ದು ಸಿಕ್ಕಿದೆಯೇ, ಆಸ್ಪತ್ರೆ ಎಂತಹದು ಎಂಬುದನ್ನೆಲ್ಲ ಸೇರಿಸಿ ಅಂದಾಜು ಮಾಡಲು ಅದು ಹೇಳುತ್ತದೆ. ಆದರೆ ಆ ಅಂದಾಜಿನಲ್ಲಿ ಸಾವನ್ನೂ ತೀವ್ರ ಅಂಗವೈಕಲ್ಯವನ್ನೂ ಒಂದೇ ಕಡೆ ಕೂಡಿಸಿ ಎಣಿಸಲಾಗಿದೆ. ಅಂಗವೈಕಲ್ಯವು ಒಂದು ಬಗೆಯ ಸಾವು ಎಂಬ ಭಾವನೆಗೆ ಇದು ದಾರಿ ಮಾಡಿಕೊಡದಂತೆ ನಾವು ಎಚ್ಚರ ವಹಿಸಬೇಕು.

ಯಂತ್ರ ತೆಗೆಯುವುದು ಕೊಲೆಯೇ?

"ಉಸ್ತಾದರೇ, ಯಂತ್ರ ತೆಗೆಯಲು ಸಹಿ ಹಾಕಿದರೆ ನಾನೇ ಕೊಂದಂತೆ ಆಗುವುದಿಲ್ಲವೇ?" ಎಂದು ಕೇಳುವ ತಂದೆಯ ಭಯವನ್ನು ಹಗುರವಾಗಿ ಕಾಣಬಾರದು. ಒಬ್ಬನನ್ನು ಅನ್ಯಾಯವಾಗಿ ಕೊಂದವನು ಇಡೀ ಮನುಕುಲವನ್ನೇ ಕೊಂದಂತೆ ಎಂಬ ಕುರ್‌ಆನಿನ ಬೋಧನೆ ಅವನ ಎದೆಯಲ್ಲಿದೆ. ಆ ಭಯವೇ ಅವನ ಈಮಾನಿನ ಗುರುತು.

ಆದರೆ ಶರೀಅತ್ ಕಾರಣವನ್ನೂ ಉದ್ದೇಶವನ್ನೂ ನೋಡುತ್ತದೆ. ಬದುಕಬಹುದಾದ ಮಗುವಿನ ಉಸಿರು ನಿಲ್ಲಿಸುವುದು ಕೊಲೆ. ನೋವು ಮುಗಿಸುವ ಹೆಸರಿನಲ್ಲಿ ವಿಷದ ಚುಚ್ಚುಮದ್ದು ಕೊಡುವುದೂ ಕೊಲೆಯೇ. ತೀವ್ರವಾಗಿ ನರಳುವ ನವಜಾತ ಶಿಶುವಿನ ಜೀವ ಕೊನೆಗೊಳಿಸಲು ನಿಬಂಧನೆಗಳನ್ನು ಹಾಕಿಕೊಟ್ಟ ನೆದರ್ಲೆಂಡ್ಸ್‌ನ ಗ್ರೋನಿಂಗನ್ ನಿಯಮಾವಳಿ 2005ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಚರ್ಚೆಯಾಯಿತು. ಅಂತಹ ಕ್ರಮಕ್ಕೆ ಇಸ್ಲಾಮಿನಲ್ಲಿ ಅವಕಾಶವಿಲ್ಲ. ಆದರೆ ಸಾಯುತ್ತಿರುವ ಮಗುವಿಗೆ ಯಾವ ಪ್ರಯೋಜನವನ್ನೂ ಕೊಡದ ಯಂತ್ರವನ್ನು ಸರಿಸಿದಾಗ ಮಗುವನ್ನು ಒಯ್ಯುವುದು ಅದರ ಕಾಯಿಲೆಯೇ. ಸೌದಿ ಅರೇಬಿಯಾದ ಫತ್ವಾ ಸಮಿತಿಯು 1980ರ ದಶಕದ ಕೊನೆಯಲ್ಲಿ, ಮೂವರು ನಂಬಲರ್ಹ ತಜ್ಞ ವೈದ್ಯರು ಪ್ರಯೋಜನವಿಲ್ಲವೆಂದು ಹೇಳಿದ ರೋಗಿಗೆ ಯಂತ್ರದ ಮೂಲಕ ಪುನಶ್ಚೇತನದ ಪ್ರಯತ್ನ ಬೇಕಾಗಿಲ್ಲವೆಂದು ಅಭಿಪ್ರಾಯಪಟ್ಟಿತು. ನಮ್ಮ ದೇಶದ ಸುಪ್ರೀಂ ಕೋರ್ಟ್ ಕೂಡಾ ನಿರೀಕ್ಷೆಯಿಲ್ಲದ ರೋಗಿಯಿಂದ ಜೀವರಕ್ಷಕ ಯಂತ್ರ ತೆಗೆಯುವುದನ್ನು 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದರೂ ವೈದ್ಯರ ಮಂಡಳಿಗಳ ಒಪ್ಪಿಗೆಯನ್ನು ಉಳಿಸಿಕೊಂಡಿತು. ಒಬ್ಬ ವೈದ್ಯ, ಒಬ್ಬ ತಂದೆ, ಒಂದು ಸಹಿ ಇಷ್ಟರಲ್ಲಿ ಮುಗಿಯುವ ವಿಷಯ ಇದಲ್ಲವೆಂದು ಧರ್ಮವೂ ಕಾನೂನೂ ಒಪ್ಪುತ್ತವೆ.

ತಕ್ಕಡಿಗೆ ಹಾಕಬಾರದ ಕಲ್ಲುಗಳು

ತೀರ್ಮಾನ ಮಾಡುವಾಗ ಕೆಲವು ಕಲ್ಲುಗಳನ್ನು ತಕ್ಕಡಿಗೆ ಹಾಕಲೇಬಾರದು.

ಹೆಣ್ಣು ಮಗುವೆಂಬುದು ಅವುಗಳಲ್ಲಿ ಮೊದಲನೆಯದು. "ಗಂಡು ಮಗುವಾಗಿದ್ದರೆ ನೋಡಬಹುದಿತ್ತು" ಎಂಬ ಮಾತು ಇಂದಿಗೂ ಕೇಳಿ ಬರುತ್ತದೆ. ಜೀವಂತ ಹೂಳಲ್ಪಟ್ಟ ಹೆಣ್ಣು ಮಗುವನ್ನು ಯಾವ ಅಪರಾಧಕ್ಕಾಗಿ ಕೊಲ್ಲಲಾಯಿತೆಂದು ಅಂತ್ಯದಿನದಲ್ಲಿ ಪ್ರಶ್ನಿಸಲಾಗುವುದೆಂದು ಕುರ್‌ಆನ್ ಎಚ್ಚರಿಸಿದೆ. ಅರೇಬಿಯಾದ ಮರಳಿಗೂ ಆಸ್ಪತ್ರೆಯಲ್ಲಿ ಬರೆದುಕೊಡುವ ಕಾಗದಕ್ಕೂ ಎಷ್ಟು ಅಂತರವಿದೆ?

ಎರಡನೆಯದು ಅಂಗವೈಕಲ್ಯದ ಭಯ. ಕುರುಡರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಪ್ರವಾದಿವರ್ಯರ(ಸ) ಮುಅದ್ದಿನ್ ಆಗಿದ್ದರು. ಪ್ರವಾದಿ(ಸ) ಮದೀನಾದಿಂದ ಹೊರಗೆ ಹೋದಾಗ ಅವರನ್ನು ಅಲ್ಲಿ ಪ್ರತಿನಿಧಿಯಾಗಿ ನೇಮಿಸಿದ್ದುಂಟು. ಕಣ್ಣಿಲ್ಲದವನ ಬದುಕನ್ನು ವ್ಯರ್ಥವೆಂದು ಎಣಿಸಿದ ಸಮಾಜವಲ್ಲ ಅದು. ಆದರೆ ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಕೂಲಿ ಮಾಡುವ ಗಂಡ, ಮನೆಯಲ್ಲಿ ಇನ್ನೂ ಮೂರು ಮಕ್ಕಳು. ನಡೆಯಲಾರದ, ಮಾತನಾಡಲಾರದ ಮಗುವನ್ನು ಮೂವತ್ತು ವರ್ಷ ಎತ್ತಿ ಇಳಿಸುವವಳು ತಾಯಿ. ಉಪದೇಶ ಮಾಡಿದವರು ಆಗ ಎಲ್ಲಿರುತ್ತಾರೆ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಬದುಕಬಲ್ಲ ಮಗುವಿನ ಪ್ರಾಣದ ಹಕ್ಕನ್ನು ಆ ಕಷ್ಟವು ಕಸಿದುಕೊಳ್ಳುವುದಿಲ್ಲ, ಆದರೆ ಹೊರೆಯನ್ನು ಆ ತಾಯಿಯೊಬ್ಬಳ ಹೆಗಲಿಗೆ ಬಿಟ್ಟ ನಾವೆಲ್ಲರೂ ಅವಳ ಮುಂದೆ ಅಪರಾಧಿಗಳು.

ಮೂರನೆಯದು ಹಣ. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬಾರದೆಂದೂ ಅವರಿಗೂ ನಿಮಗೂ ಆಹಾರ ಕೊಡುವವನು ಅಲ್ಲಾಹನೆಂದೂ ಕುರ್‌ಆನಿನ 6 ಮತ್ತು 17ನೇ ಅಧ್ಯಾಯಗಳು ಸಾರುತ್ತವೆ. ಹಾಗಾದರೆ ದಿನಕ್ಕೆ ಸಾವಿರಾರು ರೂಪಾಯಿಗಳ ಬಿಲ್ಲು ಕಟ್ಟಲಾಗದೆ ಮಗುವನ್ನು ಮನೆಗೆ ಕರೆದೊಯ್ದ ತಂದೆ ಪಾಪಿಯೇ? ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯ ಮೀರಿದ ಹೊರೆ ಹೊರಿಸುವುದಿಲ್ಲ. ಇದ್ದೂ ಕೊಡದವನ ಮಾತು ಬೇರೆ, ಇಲ್ಲದವನ ಮಾತು ಬೇರೆ. ಇಲ್ಲದವನ ಹೊಣೆ ಗಾಳಿಯಲ್ಲಿ ಕರಗುವುದಿಲ್ಲ. ಅದು ಫರ್ಝ್ ಕಿಫಾಯವಾಗಿ ಸುತ್ತಮುತ್ತಲಿನವರ ಮೇಲೆ ಬರುತ್ತದೆ. ಯಾರೂ ಹೊರದಿದ್ದರೆ ಎಲ್ಲರೂ ಉತ್ತರಿಸಬೇಕಾಗುತ್ತದೆ.

ತಾಯಿಯನ್ನು ಕೇಳಿದಿರಾ?

ಇಂತಹ ತೀರ್ಮಾನಗಳು ಹೆಚ್ಚಾಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡಸರ ನಡುವೆ ನಡೆದುಬಿಡುತ್ತವೆ. ಮಾವ, ಭಾವ, ಚಿಕ್ಕಪ್ಪ ಎಲ್ಲರೂ ಮಾತನಾಡುತ್ತಾರೆ. "ಅವಳಿಗೆ ಈಗ ಹೇಳಬೇಡಿ, ತಡೆದುಕೊಳ್ಳಲಾರಳು" ಎಂದು ಹೆತ್ತವಳನ್ನೇ ಹೊರಗಿಡುತ್ತಾರೆ. ಹಾಲು ಬಿಡಿಸುವ ವಿಷಯದಲ್ಲೂ ತಾಯಿ ಮತ್ತು ತಂದೆ ಪರಸ್ಪರ ಒಪ್ಪಿ, ಸಮಾಲೋಚಿಸಿ ತೀರ್ಮಾನಿಸಬೇಕೆಂದು ಕುರ್‌ಆನಿನ 2ನೇ ಅಧ್ಯಾಯದ 233ನೇ ವಚನ ಕಲಿಸುತ್ತದೆ. ಹಾಲು ಬಿಡಿಸಲು ತಾಯಿಯ ಒಪ್ಪಿಗೆ ಬೇಕು, ಉಸಿರು ಬಿಡಿಸಲು ಬೇಡವೇ? ಆರು ತಿಂಗಳು ಹೊತ್ತವಳು ಸತ್ಯವನ್ನೂ ಹೊರಬಲ್ಲಳು. ಅವಳಿಗೆ ತಿಳಿಯದಂತೆ ಮಾಡಿದ ತೀರ್ಮಾನ ಮಾತ್ರ ಅವಳ ಎದೆಯಲ್ಲಿ ಬಹಳ ಕಾಲ ಉಳಿಯುತ್ತದೆ.

ವೈದ್ಯರನ್ನು ಏನು ಕೇಳಬೇಕೆಂಬುದನ್ನೂ ದಂಪತಿಗಳು ತಿಳಿದಿರಬೇಕು. ಈ ಆಸ್ಪತ್ರೆಯಲ್ಲಿ ಇಷ್ಟೇ ವಾರದ ಎಷ್ಟು ಮಕ್ಕಳು ಉಳಿದಿದ್ದಾರೆ? ಇದಕ್ಕಿಂತ ಸೌಲಭ್ಯವಿರುವ ಜಾಗಕ್ಕೆ ಈಗ ಸಾಗಿಸಬಹುದೇ? ಉಳಿದರೆ ಮೆದುಳಿಗೆ, ಕಣ್ಣಿಗೆ ಯಾವ ತೊಂದರೆ ಆಗಬಹುದು? ಎಷ್ಟು ದಿನಗಳ ಬಳಿಕ ಮತ್ತೆ ಕುಳಿತು ಮಾತನಾಡೋಣ? ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಅವಮಾನವಲ್ಲ.

ಮಗು ಹೊರಟು ಹೋದರೆ

ಎಲ್ಲ ಪ್ರಯತ್ನಗಳ ಬಳಿಕವೂ ಅಲ್ಲಾಹನು ಮಗುವನ್ನು ಕರೆಸಿಕೊಂಡರೆ ಅದಕ್ಕೆ ಹೆಸರಿಡಿ. ಸ್ನಾನ ಮಾಡಿಸಿ, ಕಫನ್ ಹೊದಿಸಿ, ಜನಾಝ ನಮಾಝ್ ಮಾಡಿ ದಫನ ಮಾಡಿ. ಬಟ್ಟೆಯಲ್ಲಿ ಸುತ್ತಿ ಯಾರಿಗೂ ತಿಳಿಯದಂತೆ ಮುಗಿಸಿಬಿಡುವ ಅವಸರ ಬೇಡ. ತಾಯಿಗೆ ಒಮ್ಮೆ ಎತ್ತಿಕೊಳ್ಳಲು ಕೊಡಿ. ತನ್ನ ಪುಟ್ಟ ಮಗ ಇಬ್ರಾಹೀಮ್‌ನನ್ನು ಕಳೆದುಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿದ್ದವು. ಕಣ್ಣೀರು ವಿಧಿಯ ಮೇಲಿನ ಅಸಮಾಧಾನವಲ್ಲವೆಂದು ಅವರು ತೋರಿಸಿಕೊಟ್ಟರು. ಎಳವೆಯಲ್ಲೇ ತೀರಿಹೋದ ಮಕ್ಕಳು ಸಹನೆ ವಹಿಸಿದ ಹೆತ್ತವರಿಗೆ ನರಕದಿಂದ ತಡೆಯಾಗುವರೆಂಬ ಸುವಾರ್ತೆಯೂ ಹದೀಸ್‌ಗಳಲ್ಲಿದೆ. ಸಬ್ರ್ ಎಂಬುದಕ್ಕೆ ಸರಿಯಾದ ಜಾಗ ಇಲ್ಲಿದೆ. ಪ್ರಯತ್ನದ ಬಳಿಕ, ಪ್ರಯತ್ನದ ಬದಲಿಗೆ ಅಲ್ಲ.

ಜಮಾಅತ್‌ನ ಪಾಲು

ನಮ್ಮ ಮಹಲ್ಲಾಗಳಲ್ಲಿ ಮಸೀದಿಯ ಮಿನಾರ, ಸಭಾಂಗಣ, ವಾರ್ಷಿಕ ಕಾರ್ಯಕ್ರಮಕ್ಕೆ ಹಣ ಕೂಡುತ್ತದೆ. ನವಜಾತ ಶಿಶುವಿನ ಚಿಕಿತ್ಸೆಗೆ ಒಂದು ನಿಧಿ ಎಷ್ಟು ಜಮಾಅತ್‌ಗಳಲ್ಲಿದೆ? ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರೂ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಆಸ್ಪತ್ರೆಯ ಬಿಲ್ಲಿನಿಂದ ಸಾಲಗಾರನಾದ ತಂದೆಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರೀ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಉಚಿತ ಚಿಕಿತ್ಸೆ, ಔಷಧಿ ಮತ್ತು ಸಾಗಾಟದ ಹಕ್ಕಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳಿವೆ. ಇದು ತಿಳಿಯದೆ ಒಡವೆ ಅಡವಿಟ್ಟವರಿದ್ದಾರೆ. ಜುಮುಅ ನಮಾಝಿನ ಬಳಿಕ ಐದು ನಿಮಿಷ ಈ ಮಾಹಿತಿಯನ್ನು ಕೊಡುವುದು ಕಷ್ಟದ ಕೆಲಸವೇ? ಹೆರಿಗೆಗೆ ಮುಂಚೆಯೇ ನೋವು ಕಾಣಿಸಿದ ಗರ್ಭಿಣಿಯನ್ನು ಮನೆಯಲ್ಲಿ ಕಾಯಿಸದೆ ಸೌಲಭ್ಯವಿರುವ ಆಸ್ಪತ್ರೆಗೆ ಮುಟ್ಟಿಸಿದರೆ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ.

ಇಂದು ತೀರ್ಮಾನದ ಕಾಗದದ ಮುಂದೆ ಒಬ್ಬ ತಂದೆ ಒಂಟಿಯಾಗಿ ನಿಲ್ಲುತ್ತಾನೆ. ಅವನ ಪಕ್ಕದಲ್ಲಿ ಮಗುವಿನ ತಾಯಿ, ತಿಳಿದ ವೈದ್ಯ, ತಿಳಿದ ಆಲಿಮ್, ಹಣದ ಭಯ ನೀಗಿಸುವ ಜಮಾಅತ್ ಇಷ್ಟೂ ಮಂದಿ ನಿಂತರೆ ಆಗ ಆತ ಮಾಡುವ ತೀರ್ಮಾನ ನಿಜವಾಗಿ ಮಗುವಿಗಾಗಿ ಮಾಡಿದ ತೀರ್ಮಾನವಾಗುತ್ತದೆ. ಉಳಿಸಬಹುದಾದ ಜೀವವನ್ನು ಬಡತನಕ್ಕೆ ಬಿಟ್ಟುಕೊಡದ, ಹೊರಟ ಜೀವವನ್ನು ನೋವಿನಲ್ಲಿ ಕಟ್ಟಿಹಾಕದ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.